ಒಳಗೆ ಉಳಿದ ಶರಣಪ್ಪ

ಕತಾರಿನ ಅಲ್ ಅಜೀಜಿಯಾದಲ್ಲಿ ನನ್ನ ಮಗ ಬಾಡಿಗೆಗಿರುವ ಕಟ್ಟಡದ ಕೆಳಗೆ, ಲಿಫ್ಟಿನ ಪಕ್ಕದಲ್ಲಿ, ಒಂದು ಕಬ್ಬಿಣದ ಕಪಾಟಿದೆ. ಕೆಲಸ ಮುಗಿಸಿ ದೇಶ ಬಿಡುವವರು ಒಯ್ಯಲಾಗದ್ದನ್ನೂ ಎಸೆಯಲು ಮನಸ್ಸು ಬಾರದ್ದನ್ನೂ ಅದರಲ್ಲಿಟ್ಟು ವಿಮಾನ ಹತ್ತುತ್ತಾರೆ. ಕುಕ್ಕರಿಲ್ಲದ ಕುಕ್ಕರಿನ ಮುಚ್ಚಳ, ಗಾಳಿ ಹೋದ ಫುಟ್‌ಬಾಲು, ಯಾರದೋ ಕೂಸಿನ ಎಡಗಾಲಿನ ಬೂಟು. ಬೇಕಾದವರು ಒಯ್ಯಬಹುದು. ನನ್ನ ಸೊಸೆ ಶ್ವೇತಾ ಬಸುರಿಯಾಗಿದ್ದಾಗ ಅಲ್ಲಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಳು. ರಟ್ಟು ಹರಿದುಹೋಗಿತ್ತು, ಮೊದಲಿನ ಹಾಳೆಗಳೂ ಇರಲಿಲ್ಲ. ಬರೆದವರು ಯಾರು, ಪುಸ್ತಕದ ಹೆಸರೇನು, ಒಂದೂ ಗೊತ್ತಾಗುವಂತಿರಲಿಲ್ಲ.

ಮೂರು ದಿನ ಓದಿದಳು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕಥೆ ಹೇಳತೊಡಗಿದ್ದೇ ತಪ್ಪಾಯಿತು.

"ಅತ್ತೀ, ಇದರಾಗ ಸಾವಿನ ದೂತ ಬರ್ತಾನ್ರೀ. ಮೈತುಂಬ ಬರೇ ಕಣ್ಣಂತ ಅವಂಗ."

ನನ್ನ ಹೆಂಡತಿ ಗಂಗಾ ಸೌಟು ಕೆಳಗಿಟ್ಟಳು. "ಏಳು ತಿಂಗಳ ಬಸುರಿ ನೀ. ಓದಾಕ ಬ್ಯಾರೆ ಏನೂ ಸಿಗಲಿಲ್ಲೇನವಾ ನಿನಗ? ತಾ ಇಲ್ಲೆ." ಕಸಿದುಕೊಂಡು ನನ್ನ ತೊಡೆಯ ಮೇಲೆ ಒಗೆದಳು. "ನೀವು ಇಟ್ಕೋರಿ. ನಿಮಗೇನೂ ಆಗಂಗಿಲ್ಲ."

ನಿನಗೇನೂ ಆಗುವುದಿಲ್ಲ ಎಂಬ ಮಾತನ್ನು ನಾನು ತೊಟ್ಟಿಲಿನಿಂದಲೂ ಕೇಳುತ್ತ ಬಂದವನು. ಅದಕ್ಕೊಂದು ಕಾರಣವಿದೆ, ಹೇಳುತ್ತೇನೆ. ಮೊದಲು ಪುಸ್ತಕದ ಮಾತು ಮುಗಿಯಲಿ.

ನನ್ನ ಇಂಗ್ಲಿಷು ಗ್ಯಾಸ್ ಪ್ಲಾಂಟಿನಲ್ಲಿ ಕಲಿತ ಇಂಗ್ಲಿಷು. ಮೂವತ್ತು ವರ್ಷ ಇಲ್ಲಿ ದುಡಿದೆ. "ಡೇಂಜರ್" ಎಂದು ಬರೆದಲ್ಲಿ ನಿಲ್ಲುವುದು, "ಎಕ್ಸಿಟ್" ಎಂದು ಬರೆದಲ್ಲಿ ಹೊರಬರುವುದು, ಇಷ್ಟಕ್ಕೆ ಸಾಕಾಗುವ ಭಾಷೆ ಅದು. ಕಾದಂಬರಿ ಓದಲು ಸಾಲದು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಏಸಿಯ ಗುಂಯ್ ಸದ್ದಿನಲ್ಲಿ ಕೂತು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅರ್ಥ ಹೇಳುವ ಮೊಬೈಲು ಹಿಡಿದು, ದಿನಕ್ಕೆ ಆರು ಪುಟದಂತೆ ನಡೆದೆ. ಆಮೆ ಓದಿದರೂ ನನಗಿಂತ ಬೇಗ ಮುಗಿಸುತ್ತಿತ್ತು.

ಕಥೆ ಯೆಹೂದಿಗಳ ಒಂದು ಹಳೆಯ ಊರಿನದು. ಅಲ್ಲಿ ಒಬ್ಬ ತಾಯಿಯ ಮಗನಿಗೆ ಜ್ವರ. ಸಾವಿನ ದೂತ ಮಗನ ಹೆಸರು ಹಿಡಿದು ಬರುತ್ತಾನೆಂದು ತಿಳಿದು, ಅವಳು ಹಿಂದಿನ ದಿನವೇ ಆ ಹೆಸರು ತೆಗೆದು ಕೂಸಿಗೆ "ಮುದುಕ" ಎಂದು ಹೆಸರಿಡುತ್ತಾಳೆ. ದೂತ ಬಂದು ಬಾಗಿಲಲ್ಲಿ ಕೇಳುತ್ತಾನೆ. ಆ ಹೆಸರಿನವರು ನಮ್ಮಲ್ಲಿಲ್ಲ, ಇರುವವನು ಒಬ್ಬ ಮುದುಕ ಎನ್ನುತ್ತಾಳೆ. ಮೈತುಂಬ ಕಣ್ಣಿದ್ದರೂ ಅವನು ಕಾಗದದಲ್ಲಿ ಇದ್ದದ್ದನ್ನಷ್ಟೇ ನೋಡುವವನು. ಹಿಂದಿರುಗುತ್ತಾನೆ. ಮಗ ಬದುಕುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ನಾನೂ ಕಣ್ಣೊರೆಸಿಕೊಂಡು ಮಲಗುತ್ತಿದ್ದೆ. ಆದರೆ ದೇವರು ಅಕ್ಷರಗಳನ್ನು ಜೋಡಿಸಿಯೇ ಲೋಕ ಮಾಡಿದ ಎಂದು ನಂಬಿದ ಜನ ಅವರು. ಹಾಗಾಗಿ ತಾಯಿ ಬಿಚ್ಚಿ ಎಸೆದ ಹೆಸರಿಗೂ ಜೀವವಿದೆ. ಅದು ಮೈಯಿಲ್ಲದೆ ಊರಲ್ಲಿ ಅಲೆಯತೊಡಗುತ್ತದೆ. ಆ ಊರವರ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದು ಅವರಲ್ಲಿ ನಿಷಿದ್ಧ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲನ್ನು ತಲೆಗೊಂದು ಪದದಂತೆ ಹೇಳುತ್ತ ಹೋಗುತ್ತಾರೆ. ಆ ದಿನದಿಂದ, ಬಂದವರು ಹತ್ತೇ ಜನ ಇದ್ದರೂ, ಪದಗಳು ಮುಗಿದ ಮೇಲೆ ಒಬ್ಬ ಮಿಕ್ಕಿರುತ್ತಾನೆ. ಮುಖ ನೋಡಿದರೆ ಎಲ್ಲವೂ ಗುರುತಿನ ಮುಖಗಳೇ.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಯಾಕೆಂದು ಕೇಳಿದರೆ ಹಳ್ಳಿಗೆ ಹೋಗಬೇಕಾಗುತ್ತದೆ.

ನಮ್ಮದು ರೋಣದ ಕಡೆಯ ಊರು. ನಾನು ಹುಟ್ಟುವ ಮುಂಚೆ ಅವ್ವನಿಗೆ ಒಂದು ಗಂಡುಕೂಸು ಇತ್ತು. ತೀರಿಹೋದ ಅಜ್ಜನ ಹೆಸರನ್ನೇ ಇಟ್ಟು ಶರಣಪ್ಪ ಎಂದು ಕರೆದಿದ್ದರು. ಒಂದೂವರೆ ವರ್ಷಕ್ಕೆ ಜ್ವರ ಬಂದು ತೀರಿಕೊಂಡಿತು. ವರ್ಷದ ಮೇಲೆ ನಾನು ಹುಟ್ಟಿದೆ. ಅಜ್ಜಿ ನನ್ನನ್ನು ನೋಡಿ ಮುದ್ದಾಡಲಿಲ್ಲವಂತೆ. ಮೊರದಲ್ಲಿ ಮಲಗಿಸಿಕೊಂಡು ಹೋಗಿ ತಿಪ್ಪೆಯ ಮೇಲೆ ಇಟ್ಟು ಬಂದಳಂತೆ. ಓಣಿಯ ಹೆಂಗಸೊಬ್ಬಳು, ಮೊದಲೇ ಮಾತಾದ ಪ್ರಕಾರ, "ಅಯ್ಯ, ತಿಪ್ಪಿ ಮ್ಯಾಲೊಂದು ಕೂಸು ಬಿದ್ದೈತಿ" ಎಂದು ಎತ್ತಿಕೊಂಡಳು. ಅಜ್ಜಿ ಒಂದು ಸೇರು ತೌಡು ಕೊಟ್ಟು ಅವಳಿಂದ ನನ್ನನ್ನು ಕೊಂಡಳು. ತಿಪ್ಪೆಯಲ್ಲಿ ಸಿಕ್ಕವನು ತಿಪ್ಪಣ್ಣ. ಇಂಥ ಕಸವನ್ನು ಯಮ ಮುಟ್ಟುವುದಿಲ್ಲ ಎಂದು ಲೆಕ್ಕ. ನನ್ನ ಬೆಲೆ ತೌಡಿನ ಬೆಲೆ ಎಂಬುದು ನನಗೆ ಸಣ್ಣವನಿದ್ದಾಗಲೇ ಗೊತ್ತಿತ್ತು; ಹಾಗಾಗಿ ಮುಂದೆ ಯಾವ ಮೇಲಧಿಕಾರಿ ಬೈದರೂ ಹೊಸದೆನಿಸಲಿಲ್ಲ.

ಸಾಲಿಗೆ ಸೇರಿಸುವ ದಿನ ಮಾಸ್ತರರು ಚಾವಡಿಯ ಪುಸ್ತಕ ತರಿಸಿ ನೋಡಿದರು. ಅದರಲ್ಲಿ ಶರಣಪ್ಪ ಹುಟ್ಟಿದ್ದು ಬರೆದಿತ್ತು, ಸತ್ತದ್ದು ಬರೆದಿರಲಿಲ್ಲ. ತಿಪ್ಪಣ್ಣ ಹುಟ್ಟಿದ್ದೇ ಬರೆದಿರಲಿಲ್ಲ. "ಇವನs ಹೌದಲ್ಲ?" ಎಂದರು. ಅಪ್ಪ ಗೋಣು ಹಾಕಿದ. ನಾನು ಆ ಬೆಳಗ್ಗೆ ಅಲ್ಲಿ ನಿಂತನಿಂತಲ್ಲೇ ಎರಡೂವರೆ ವರ್ಷ ದೊಡ್ಡವನಾಗಿ, ಸತ್ತ ಅಣ್ಣನಾಗಿ, ಮನೆಗೆ ಬಂದೆ.

ಅವ್ವ ಎದ್ದು ಒಳಗೆ ಹೋದಳು. ಅಜ್ಜಿಗೆ ಮಾತ್ರ ಹಿಗ್ಗು. "ಪಾಡಾತು ಬಿಡು," ಎಂದಳು. "ಪುಸ್ತಕದಾಗ ತಿಪ್ಪ ಇಲ್ಲ. ಶರಣಪ್ಪ ಅದಾನ, ಅವನ್ನ ಆಗಲೇ ಒಯ್ದಾರ. ಬಂದಾಂವ ಹುಡುಕಿ ಹುಡುಕಿ ಹೊಳ್ಳಿ ಹೋಗ್ತಾನ. ನಿನಗೇನೂ ಆಗಂಗಿಲ್ಲ ಮಗನs."

ಆಗಲಿಲ್ಲ, ನಿಜ. ಊರು ತಿಪ್ಪಣ್ಣ ಎಂದಿತು. ನನ್ನ ಮಕ್ಕಳು ಅದನ್ನು ಊರವರ ಸಲಿಗೆಯ ಕರೆ ಎಂದುಕೊಂಡರು. ಪಾಸ್‌ಪೋರ್ಟು, ಲಗ್ನಪತ್ರಿಕೆ, ಕತಾರಿನ ಐಡಿ ಕಾರ್ಡು ಎಲ್ಲವೂ ಶರಣಪ್ಪ ಎಂದವು. ಕೆಲಸದಿಂದ ನಿವೃತ್ತನಾದದ್ದೂ ಅಣ್ಣನ ವಯಸ್ಸಿನ ಮೇಲೆಯೇ. ಹೆಂಡತಿಗೂ ನಾನು ಹೇಳಿರಲಿಲ್ಲ. ಅವ್ವ ಎತ್ತದ ಮಾತನ್ನು ನಾನು ಎತ್ತುವುದು ಹೇಗೆ?

ಒಮ್ಮೆ ಮಾತ್ರ ಅಣ್ಣ ಎದುರಾದ. ಎದುರಾದ ಎನ್ನಬಹುದೋ ಇಲ್ಲವೋ, ನೀವೇ ಹೇಳಿ.

ಪ್ಲಾಂಟು ನಿಲ್ಲಿಸಿ ರಿಪೇರಿ ನಡೆಯುವ ದಿನಗಳವು. ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಬರಿದು ಮಾಡಿ, ಒಳಗೆ ಇಳಿದು, ವೆಲ್ಡಿಂಗ್ ಬಿರುಕುಬಿಟ್ಟಿದೆಯೇ ನೋಡುವುದು ನನ್ನ ಕೆಲಸ. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಹೊರಗಿನ ಬೋರ್ಡಿಗೆ ನೇತುಹಾಕಬೇಕು. ಬಂದ ಮೇಲೆ ತೆಗೆಯಬೇಕು. ಬೋರ್ಡು ಬರಿದಾಗುವ ತನಕ ಟ್ಯಾಂಕಿನ ಬಾಯಿ ಮುಚ್ಚುವಂತಿಲ್ಲ. ಅದನ್ನು ಕಾಯಲೆಂದೇ ಒಬ್ಬ ಇರುತ್ತಾನೆ. ನಮ್ಮಲ್ಲಿ ಅವನು ಒಬ್ಬ ವಯಸ್ಸಾದ ಮಲಯಾಳಿ, ಎಲ್ಲರ ಬಾಯಲ್ಲೂ ಇಕ್ಕ, ಅಂದರೆ ಅಣ್ಣ.

ನಾನು ಹೇಳುವ ದಿನಕ್ಕೆ ಹತ್ತು ದಿನ ಮೊದಲು ನನ್ನ ಬಿಲ್ಲೆ ಕಳೆದು ಹೊಸದು ಮಾಡಿಸಿದ್ದೆ. ಹಳೆಯದು ಅಂದು ಬೆಳಗ್ಗೆ ಯಾರಿಗೋ ಸಿಕ್ಕಿ, ಪುಣ್ಯಾತ್ಮ, ಉಪಕಾರ ಮಾಡುವ ಮನಸ್ಸಿನಿಂದ ಬೋರ್ಡಿಗೆ ಹಾಕಿ ಹೋಗಿದ್ದ. ಇದೆಲ್ಲ ಆಮೇಲೆ ತಿಳಿದದ್ದು. ನಾನು ಕೆಲಸ ಮುಗಿಸಿ ಹೊರಬಂದು ಬಿಲ್ಲೆ ತೆಗೆದುಕೊಂಡೆ. ಅದರ ಪಕ್ಕದಲ್ಲೇ ಇನ್ನೊಂದು ಶರಣಪ್ಪ ತೂಗುತ್ತಿತ್ತು.

"ಏಕ್ ಶರಣಪ್ಪ ಬಾಹರ್," ಎಂದ ಇಕ್ಕ. "ಏಕ್ ಶರಣಪ್ಪ ಅಂದರ್." ಒಬ್ಬ ಹೊರಗೆ, ಒಬ್ಬ ಒಳಗೆ.

ಎರಡೂ ನಾನೇ, ನಡೆ, ಮುಚ್ಚು ಎಂದು ನಕ್ಕೆ. "ಅರೇ ಇಕ್ಕ, ದೋನೋ ಮೈ ಹೀ ಹೂಂ. ಯಲ್ಲಾ, ಬಂದ್ ಕರೋ."

ಅವನು ನಗಲಿಲ್ಲ. "ಮಾಫಿ," ಎಂದು ತಲೆಯಾಡಿಸಿದ. ಆಗುವುದಿಲ್ಲ. ಅವನು ನಂಬುವುದು ಬೋರ್ಡನ್ನು, ನನ್ನ ಬಾಯನ್ನಲ್ಲ. ಅದೇ ಸರಿ; ಆ ಹಟದಿಂದಲೇ ಎಷ್ಟೋ ಜನ ಅಲ್ಲಿಂದ ಜೀವಂತ ಮನೆಗೆ ಹೋಗಿದ್ದಾರೆ. ಒಳಗೆ ಹೋಗಿ ಹುಡುಕಲೇಬೇಕು, ಹೆಸರು ಹಿಡಿದು ಕೂಗಲೇಬೇಕು, ನಿಯಮ. ಟ್ಯಾಂಕಿನ ಮೂಲೆಮೂಲೆ ಬಲ್ಲವನು ನಾನೇ ಆದ್ದರಿಂದ ನನ್ನನ್ನೇ ಕಳಿಸಿದರು.

ಹೊರಗೆ ಜುಲೈ ತಿಂಗಳ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಬ್ಯಾಟರಿಯ ಬೆಳಕು ಬಿದ್ದಷ್ಟೇ ಲೋಕ. ನಡುವೆ ನಿಂತು ಕೂಗಿದೆ: "ಶರಣಪ್ಪಾ."

ಬದುಕಿನಲ್ಲಿ ಆ ಹೆಸರಿಗೆ ಓಗೊಟ್ಟಿದ್ದೆ, ಸಹಿ ಹಾಕಿದ್ದೆ. ಕರೆದಿರಲಿಲ್ಲ. ಉಕ್ಕಿನ ಗೋಡೆ ನನ್ನ ದನಿಯನ್ನು ಸುತ್ತು ಹಾಕಿಸಿ ಹಿಂದಕ್ಕೆ ಕೊಟ್ಟಿತು. ಒಂದು, ಎರಡು, ಮೂರು. ಅಷ್ಟಕ್ಕೆ ನಿಂತಿತು ಎಂದುಕೊಂಡೆ. ಸ್ವಲ್ಪ ತಡೆದು ನಾಲ್ಕನೆಯದು ಬಂತು. ಸಣ್ಣಗೆ, ಕೊನೆಯಲ್ಲಿ ಎತ್ತರಿಸಿ, ಯಾರು ಎಂದು ಕೇಳುವ ಹಾಗೆ. ನಾನು ಎರಡನೆಯ ಸಲ ಕೂಗಲಿಲ್ಲ. ನಿಯಮದಂತೆ ಮೂರು ಸಲ ಕೂಗಬೇಕಿತ್ತು. ಕೂಗಿದೆ ಎಂದು ಹೊರಗೆ ಬಂದು ಸುಳ್ಳು ಹೇಳಿದೆ. ಇಕ್ಕ ಬೋರ್ಡಿನಿಂದ ಹಳೆಯ ಬಿಲ್ಲೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, "ಇಸ್ಕೋ ಘರ್ ಲೇ ಜಾ," ಎಂದ. ಇವನನ್ನು ಮನೆಗೆ ಕರೆದುಕೊಂಡು ಹೋಗು.

ಅವನು ಹೇಳಿದ್ದು ಬಿಲ್ಲೆಯ ಮಾತೇ ಇರಬೇಕು.

ಈಗ ತಿಳಿಯಿತಲ್ಲ, ಹನ್ನೊಂದನೆಯವನ ಪುಟದಲ್ಲಿ ನನಗೆ ನೀರಡಿಕೆ ಯಾಕಾಯಿತೆಂದು. ಆದರೂ ಓದುವುದು ಬಿಡಲಿಲ್ಲ. ಕೊನೆಯ ಅಧ್ಯಾಯಕ್ಕೆ ಬಂದಿದ್ದೆ, ಅಷ್ಟರಲ್ಲಿ ಮನೆಗೆ ಮೊಮ್ಮಗ ಬಂದ. ಆಸ್ಪತ್ರೆಯಿಂದ ಬಂದ ವಾರಕ್ಕೆ ಮಗ ಮಂಜು ನನ್ನ ಪಕ್ಕ ಬಂದು ಕೂತ. ಮುಖದಲ್ಲಿ ನಗೆ.

"ಅಪ್ಪಾ, ಕೂಸಿನ ಹೆಸರು ಡಿಸೈಡ್ ಮಾಡೀವಿ. ನಿಮ್ಮ ಹೆಸರs. ಶರಣಪ್ಪ. ಕರಿಯಾಕ ಶರಣ್. ಹೊಸದೂ ಆತು, ಹಳೇದೂ ಆತು."

ಪುಸ್ತಕ ನನ್ನ ಕೈಯಲ್ಲೇ ಇತ್ತು. ಅದರ ಕೊನೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಗಳಿಗೆಯಲ್ಲಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ.

"ಬ್ಯಾಡ," ಎಂದೆ.

"ಯಾಕ್ರೀ?"

"ಬದುಕಿದ್ದವರ ಹೆಸರು ಇಡಬಾರದು. ನಮ್ಮ ಮನಿತನದಾಗ ಇಲ್ಲ." ಇದು ಸುಳ್ಳಲ್ಲ. ಕಾದಂಬರಿಯ ಜನರಲ್ಲೂ ಅದೇ ಪದ್ಧತಿ. ಒಂದೇ ಹೆಸರಿನವರಿಬ್ಬರು ಮನೆಯಲ್ಲಿದ್ದರೆ ದೂತ ಮುದುಕನನ್ನು ಬಿಟ್ಟು ಕೂಸನ್ನು ಒಯ್ದಾನು ಎಂದು ಹೆದರುತ್ತಾರೆ. ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನನ್ನ ಭಯ ಅರ್ಧ ಕೂಸಿನದು, ಅರ್ಧ ನನ್ನದೇ. ಒಮ್ಮೆ ಕರೆ ಬಂದು ಹೋದ ಹೆಸರನ್ನು ಆ ಎಳೆಯ ಮೈಗೆ ಹೊದಿಸುವುದು ಹೇಗೆ? ಹೊದಿಸಿದರೆ, ಅರವತ್ತು ವರ್ಷ ಅದರಡಿ ಅಡಗಿ ಕೂತ ನಾನು ಬಯಲಿಗೆ ಬಿದ್ದಂತಲ್ಲವೇ?

ಮಂಜುವಿನ ನಗೆ ಆರಿತು. "ನಿಮ್ಮ ಮ್ಯಾಲಿನ ಪ್ರೀತೀಲೆ ಇಡ್ತೀವಿ ಅಂದ್ರ, ಬ್ಯಾಡ ಅಂತೀರಲ್ಲಪಾ. ನಿಮ್ಮ ಹೆಸರು ನಮಗ ಯೋಗ್ಯ ಇಲ್ಲೇನು?"

ಗಂಗಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಕಷ್ಟವೇ ಬೇರೆ. "ಗಂಡನ ಹೆಸರು ಬಾಯಿಲೆ ಹೆಂಗ ಎತ್ತಲೋ ಮಂಜ್ಯಾ? ಮೊಮ್ಮಗನ್ನ ನಾ ಏನಂತ ಕರೀಲಿ? ಓ ಇವನs ಅನ್ಲೇನು?"

ಶ್ವೇತಾ ಕೋಣೆಯೊಳಗಿಂದ ನಕ್ಕಳು. ಮಂಜು ನಗಲಿಲ್ಲ. ಎದ್ದು ಹೋಗುತ್ತಿದ್ದವನ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಕೂಡು," ಎಂದೆ. ಎಲ್ಲರನ್ನೂ ಕೂಡಿಸಿ ತಿಪ್ಪೆ, ತೌಡು, ಚಾವಡಿ, ಟ್ಯಾಂಕು ಎಲ್ಲವನ್ನೂ ಹೇಳಿದೆ. ಹೇಳುವಾಗ ತಲೆ ಎತ್ತಲಿಲ್ಲ.

ಮೊದಲು ಬಾಯಿಬಿಟ್ಟವಳು ಗಂಗಾ.

"ಹಂಗಾದ್ರ ಇಷ್ಟು ವರ್ಷ ನಾ ಬಾಯಿಲೆ ಎತ್ತದ್ದು ಯಾರ ಹೆಸರ್ರೀ?"

ಅವಳು ನನ್ನೆದುರಿಗೆ ಬಂದು ಕೂತಳು.

"ಅವರನ್ನ ಎಲ್ಲೆ ಮಣ್ಣು ಮಾಡ್ಯಾರ?"

"ಗೊತ್ತಿಲ್ಲ."

"ಎಡಿ?"

"ಏನು?"

"ಎಡಿ ಇಟ್ಟೀರೇನ್ರೀ ಒಂದ್ಸಲನಾದ್ರೂ? ಹಿರ್ಯಾರ ಹಬ್ಬಕ್ಕ ಅಜ್ಜಗ ಇಟ್ಟೀನಿ, ಮಾವಗ ಇಟ್ಟೀನಿ, ಅತ್ತೆವ್ವಗ ಇಟ್ಟೀನಿ. ಮನಿ ಹಿರೇಮಗ ಅಂವ. ನನಗ ಬಾವ ಆಗಬೇಕು. ಅರವತ್ತು ವರ್ಷ ಅವನ ಹೆಸರು ಉಟ್ಟು, ಅವನ ಹೆಸರಿಲೆ ಉಂಡು, ಒಂದು ತುತ್ತು ಅವಂಗ ತೆಗೆದಿಡಲಿಲ್ಲ. ಅಲ್ಲೆ ಟಾಕಿಯೊಳಗ ಬಿಟ್ಟು ಬಂದ್ರಿ, ನೆಪ್ಪಿಲ್ಲದವರ."

ಬೈಗುಳ ಎಂದರೆ ಹಾಗಿರಬೇಕು. ನನಗೆ ಅರವತ್ತು ವರ್ಷ ಹೆದರಿಕೆ ಮಾತ್ರ ಇತ್ತು; ಅವನಿಗೆ ಹಸಿವೆಯಾಗಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಶ್ವೇತಾ ಮೆಲ್ಲಗೆ ಹೇಳಿದಳು: "ಮಾವಾ, ಹಂಗಾದ್ರ ಅಡ್ಡಿ ಏನೈತ್ರೀ? ನಮ್ಮ ಕಡೆ ತೀರಿಕೊಂಡವರ ಹೆಸರs ಅಲ್ರೀ ಇಡೂದು? ಆ ಹೆಸರಿನವರು ತೀರಿಕೊಂಡಾರಲ್ಲ."

ಕೇಳಲು ನೇರವಾದ ಮಾತು. ಆದರೆ ಹಾಗೆ ಹೆಸರಿಡುವುದೆಂದರೆ ಅವನನ್ನೇ ಮನೆಗೆ ಕರೆದಂತೆ. ಮಂಜು ನನ್ನ ಮುಖ ನೋಡಿದ. "ನೀವು ಹೂಂ ಅನ್ನದs ಇಡಂಗಿಲ್ಲಪಾ," ಎಂದ.

ಮರುದಿನ ಗಂಗಾ ಮಿಂದು, ಬಾಲ್ಕನಿ ಒರೆಸಿ, ಒಂದು ಬಟ್ಟಲು ಹಾಲಿಗೆ ಸಕ್ಕರೆ ಹಾಕಿಟ್ಟಳು. ಒಂದೂವರೆ ವರ್ಷಕ್ಕೆ ಹೋದ ಕೂಸಿಗೆ ಮತ್ತೇನು ಇಡುವುದು? ಎದುರು ಕಟ್ಟಡದ ಏಸಿ ಡಬ್ಬಿಗಳು ಗರಗರ ಎನ್ನುತ್ತಿದ್ದವು. ಅವಳು ಸೆರಗು ಹೊದ್ದು, ನಾಲ್ಕು ಜನರ ನಡುವೆ ನೆಂಟರನ್ನು ಮಾತಾಡಿಸುವ ದನಿಯಲ್ಲಿ, "ಬಾವಾ, ತಡಾ ಆತು, ಸಿಟ್ಟಾಗಬ್ಯಾಡ್ರಿ. ಹೆಸರು ಕೂಸಿಗೆ ಕೇಳಾಕ ಹತ್ತೀವಿ. ಕೊಡೂದಿದ್ರ ಉಣ್ರಿ," ಎಂದಳು. ಗಾಜಿನ ಬಾಗಿಲು ಎಳೆದು ಒಳಗೆ ಬಂದೆವು. ಉಣ್ಣುವವರನ್ನು ನೋಡುತ್ತ ನಿಲ್ಲಬಾರದು.

ತಾಸಿನ ಮೇಲೆ ಹೋಗಿ ನೋಡಿದರೆ ಬಟ್ಟಲು ಒಣಗಿತ್ತು. ತಳದಲ್ಲಿ ಸಕ್ಕರೆ ಕೂಡ ಉಳಿದಿರಲಿಲ್ಲ.

"ಬಿಸಿಲು," ಎಂದೆ.

ಗಂಗಾ ಬಟ್ಟಲು ತೊಳೆದಿಟ್ಟಳು. ನಾನು ಮಂಜುವಿನ ಬಳಿ ಹೋಗಿ ಹೂಂ ಎಂದೆ.

ತೊಟ್ಟಿಲ ಕಾರ್ಯ ಶುಕ್ರವಾರ ಮಧ್ಯಾಹ್ನ ಆಯಿತು. ನಮ್ಮ ಕಡೆಯ ಏಳೆಂಟು ಮನೆಯವರು ಬಂದಿದ್ದರು. ಕೂಸಿಗೆ ಏನಾಗಿತ್ತೋ, ಬೆಳಗಿನಿಂದ ಒಂದೇ ಸಮನೆ ಅಳು. ಸೋದರತ್ತೆ ಹೆಸರಿಡಬೇಕು, ಅಲ್ ಥುಮಾಮಾದಿಂದ ನನ್ನ ಮಗಳು ಸುಜಾತಾ ಬಂದಿದ್ದಳು. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದಳೋ ಇಲ್ಲವೋ, ಹೆಂಗಸರೆಲ್ಲ ಸೇರಿ, ರೂಢಿಯಂತೆ, ಅವಳ ಬೆನ್ನ ಮೇಲೆ ಗುದ್ದಿದರು.

"ಸಾಕ್ರೇ ಯವ್ವಾ! ಬೆನ್ನು ಮುರೀತು!"

"ಅತ್ತಿ ಆಗೂದು ಅಂದ್ರ ಸುಮ್ಮನ ಏನ? ತಡಕೋ!"

ಆಮೇಲೆ ಎಲ್ಲರೂ ಕೂಡಿ ಗಟ್ಟಿಯಾಗಿ ಕರೆದರು: "ಶರಣಪ್ಪಾ!"

ಹ್ಞಾಂ ಎಂಬುದು ನನ್ನ ಗಂಟಲಿಗೆ ಬಂದುಬಿಟ್ಟಿತ್ತು. ಸಾಲಿಯ ಹಾಜರಿಯಿಂದ ವಿಮಾನ ನಿಲ್ದಾಣದ ಸರದಿಯವರೆಗೆ ಆ ಕರೆಗೆ ಎದ್ದ ಮೈ ಇದು. ತುಟಿ ಬಿಗಿಹಿಡಿದೆ. ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆದಾಗ ಕೂಸಿನ ಅಳು ಹರಿದಂತೆ ನಿಂತಿತು. ಬಹಳ ದೂರ ನಡೆದು ಬಂದವರು ಕಟ್ಟೆಯ ಮೇಲೆ ಕೂತಾಗ ಬಿಡುವಂಥ ಒಂದು ಉಸಿರು ಬಿಟ್ಟು, ಕೂಸು ಕಣ್ಣು ತೆರೆದು, ಒಬ್ಬೊಬ್ಬರ ಮುಖವನ್ನೂ ನೋಡಿತು. ಐದು ವಾರದ ಕೂಸು ಹಾಗೆ ನೋಡುವುದಿಲ್ಲ.

ಅಷ್ಟರಲ್ಲಿ ಯಾರೋ ಹೆಂಗಸರು ಗಂಗಾಳನ್ನು ಮುಂದೆ ನೂಕಿದರು. "ಅಜ್ಜಿ ಒಡಪು ಹೇಳ್ಬೇಕ್ರೀ! ಹೆಸರು ಹೇಳದs ಬಿಡಂಗಿಲ್ಲ." ಗಂಡನ ಹೆಸರನ್ನು ಹಾಗೆ ಎತ್ತದವರೂ ಇಂಥ ಕಾರ್ಯದಲ್ಲಿ ಎರಡು ಸಾಲಿನ ಪದದೊಳಗೆ ಇಟ್ಟು ಹೇಳಬೇಕು, ಅದು ನಮ್ಮ ಕಡೆಯ ರೂಢಿ. ಗಂಗಾ ತೊಟ್ಟಿಲ ಹಗ್ಗ ಹಿಡಿದು, ನನ್ನ ಕಡೆ ನೋಡದೆ ಹೇಳಿದಳು:

"ಮರಳಿನ ನಾಡಾಗ ತೊಟ್ಟಿಲ ಕಟ್ಟೇನಿ, ಮೊಮ್ಮಗ ಒಳಗ ನಕ್ಕಾನ;
ಬಾವನ ಹೆಸರ ಕೂಸಿಗೆ ಬಿಟ್ಟೇನಿ, ನನ್ನ ತಿಪ್ಪಣ್ಣ ನನಗ ಸಿಕ್ಕಾನ."

ಹೋ ಎಂದು ಕೂಗಿದರು. ವೆಸ್ಟ್ ಬೇಯ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವ ಹೊಸ ಪರಿಚಯದ ಹುಡುಗಿಯೊಬ್ಬಳು ಸುತ್ತ ನೋಡಿ, "ಅಯ್ಯ, ತಿಪ್ಪಣ್ಣ ಅಂದ್ರ ಯಾರ್ರೀ? ಎಲ್ಲೆ ಅದಾರ?" ಎಂದಳು.

ನನ್ನ ಅಜ್ಜಿ ಇದ್ದಿದ್ದರೆ, ಹುಡುಕಿ ಬಂದವನಿಗೆ ಕೇಳದಿರಲೆಂದು, ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾನು ಕುರ್ಚಿಯಿಂದ ಎದ್ದೆ.

"ನಾನs ರೀ," ಎಂದೆ. ಹೇಳಿ, ಯಾರಿಗೆ ಬೇಕೋ ಅವರು ಸರಿಯಾಗಿ ನೋಡಿಕೊಳ್ಳಲಿ ಎಂದು, ಸ್ವಲ್ಪ ಹೊತ್ತು ನಿಂತೇ ಇದ್ದೆ.